ಮೈಕಕ್ಕ ರಿಯಾಯಿತಿ ಎಣಿಸಿದ್ದು

ನಲವತ್ತೆಂಟು ಸಾವಿರ ಬಾಕಿ. ತಿಂಗಳಿಗೆ ಹನ್ನೆರಡು ಸಾವಿರದಂತೆ ನಾಲ್ಕು ತಿಂಗಳ ಸಂಬಳ. ಸರ್ಕಾರಿ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಮಲದ ಪಾತ್ರೆ ತೊಳೆದು, ಹಾಸಿಗೆ ಬದಲಿಸಿ, ಹುಟ್ಟಿದ ಕೂಸಿಗೂ ಬಟ್ಟೆ ಸುತ್ತಿ, ಸತ್ತ ಹೆಣಕ್ಕೂ ಬಟ್ಟೆ ಸುತ್ತಿ, ಎರಡಕ್ಕೂ ಒಂದೇ ಸಂಬಳ ಪಡೆಯುವ (ಅಲ್ಲ, ಪಡೆಯಬೇಕಾದ) ಆಯಾ ಒಬ್ಬಳಿಗೆ ಬರಬೇಕಾದ ದುಡ್ಡು ಇದು. ಕಥೆ ಶುರುವಾದಾಗ ಬಾಕಿ ಇತ್ತು. ನೀವು ಓದುವಾಗಲೂ ಬಾಕಿ ಇರುತ್ತದೆ. ಆ ವಿಷಯದಲ್ಲಿ ಸರ್ಕಾರವನ್ನು ಕಣ್ಣು ಮುಚ್ಚಿ ನಂಬಬಹುದು.

ಆ ಆಯಾಗೆ ಆಸ್ಪತ್ರೆಯಲ್ಲಿ ಮೈಕಕ್ಕ ಅಂತ ಹೆಸರು. ಮೂವತ್ತು ವರ್ಷದ ಹಿಂದೆ ಒಂದು ಧರಣಿಯಲ್ಲಿ ಅವಳು ಭಾಷಣ ಮಾಡುತ್ತಿದ್ದಾಗ ಪೊಲೀಸರು ಬಂದು ಮೈಕು ಕಿತ್ತುಕೊಂಡು ಹೋದರು. ಹಿಂದಿನ ಸಾಲಿನಲ್ಲಿ ಕೂತಿದ್ದವರಿಗೆ ಮೈಕು ಹೋದದ್ದು ಗೊತ್ತಾಗಲೇ ಇಲ್ಲ. ಅಂದಿನಿಂದ ಹೆಸರು ನಿಂತಿತು. ಮನೆಯಲ್ಲಿ ಅವಳು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದು ಕೊಡುತ್ತಾರೆ.

ಬಾಕಿ ಅವಳೊಬ್ಬಳದ್ದೇ ಅಲ್ಲ, ಮೂವತ್ತೊಂದು ಆಯಾಗಳದ್ದು. ಪ್ರತಿ ಸೋಮವಾರ ಪಾಳಿ ಮುಗಿಸಿ ಎಲ್ಲರೂ ಹೆಡ್ ಕ್ಲಾರ್ಕಿನ ಮೇಜಿನ ಮುಂದೆ ನಿಲ್ಲುತ್ತಿದ್ದರು. ಹೆಡ್ ಕ್ಲಾರ್ಕು ಒಳ್ಳೆಯ ಮನುಷ್ಯ. ಬಾಯಲ್ಲಿ ಎಲ್ಲವನ್ನೂ ಒಪ್ಪುತ್ತಿದ್ದ, ಕಾಗದದಲ್ಲಿ ಒಂದಕ್ಷರ ಬೀಳಿಸುತ್ತಿರಲಿಲ್ಲ.

"ಸಾರ್, ದುಡ್ಡು ಆಮೇಲೆ ಕೊಡಿ. ನಾಲ್ಕು ತಿಂಗಳದ್ದು ಬಾಕಿ ಇದೆ ಅಂತ ಒಂದು ಚೀಟಿ ಬರ್ಕೊಡಿ. ಕಾರ್ಮಿಕರ ಕೋರ್ಟಿಗೆ ಹೋದ್ರೆ ಮೊದಲು ಅದನ್ನೇ ಕೇಳ್ತಾರೆ," ಎಂದಳು ಮೈಕಕ್ಕ.

"ಬಾಕಿ ಅಂತ ಯಾರಮ್ಮ ಹೇಳಿದ್ದು? ಪರಿಶೀಲನೆಯಲ್ಲಿದೆ."

"ಬಾಕಿಗೂ ಪರಿಶೀಲನೆಗೂ ಏನು ವ್ಯತ್ಯಾಸ?"

"ಬಾಕಿ ಅಂದ್ರೆ ನಾವು ಕೊಡಬೇಕು. ಪರಿಶೀಲನೆ ಅಂದ್ರೆ ನೀವು ಕಾಯಬೇಕು." ಹೆಡ್ ಕ್ಲಾರ್ಕು ಕನ್ನಡಕ ಒರೆಸಿಕೊಂಡ. "ಖಜಾನೇಲಿ ದುಡ್ಡಿಲ್ಲಮ್ಮ. ಇದ್ರೆ ನಾನೇನು ನನ್ನ ಮನೆಗೆ ತಗೊಂಡು ಹೋಗ್ತೀನಾ?"

"ನೀವು ತಗೊಂಡು ಹೋಗಿಲ್ಲ ಸರಿ. ಮತ್ತೆ ಯಾರ ಮನೆಗೆ ಹೋಯ್ತು?"

ಹೆಡ್ ಕ್ಲಾರ್ಕು ಫ್ಯಾನಿನ ಕಡೆ ನೋಡಿದ. ಫ್ಯಾನಿಗೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಮೈಕಕ್ಕನ ತಮ್ಮನಿಗೆ. ತಮ್ಮ ಆಡಿಟರ್. ಅಪ್ಪ ಬಿಟ್ಟು ಹೋದ ಒಂದೇ ಮನೆಯಲ್ಲಿ ಇಬ್ಬರ ಸಂಸಾರ: ಮಹಡಿಯ ಮೇಲೆ ತಮ್ಮ, ಕೆಳಗೆ ಹಿಂದಿನ ಎರಡು ಕೋಣೆಯಲ್ಲಿ ಅಕ್ಕ, ಅವಳ ಗಂಡ, ಮಗಳು. ಮುಂದಿನ ಕೋಣೆ ತಮ್ಮನ ಆಫೀಸು. ಅಲ್ಲಿ ಒಂದು ಕಂಪ್ಯೂಟರು, ಮೂರು ಕುರ್ಚಿ, ಸೀಲಿಂಗಿನವರೆಗೆ ಫೈಲು. ಮೈಕಕ್ಕನ ಗಂಡ ಬಸ್ ಕಂಡಕ್ಟರಾಗಿದ್ದು ನಿವೃತ್ತಿಯಾದವನು. ಈಗ ಭಾಮೈದನ ಆಫೀಸಿನಲ್ಲಿ ಕೂತು ಬಂದವರ ರಸೀದಿಗಳನ್ನು ಜೋಡಿಸಿ ಕ್ಲಿಪ್ಪು ಹಾಕುತ್ತಾನೆ. ಸಂಬಳ ಇಲ್ಲ, ಟೀ ಇದೆ.

ಭಾನುವಾರ ಬೆಳಿಗ್ಗೆ ತಮ್ಮ ಖುಷಿಯಾಗಿ ಕೆಳಗಿಳಿದು ಬಂದ. ತನ್ನದೇ ತೆರಿಗೆ ಲೆಕ್ಕ ಮುಗಿಸಿದ್ದನಂತೆ.

"ಅಕ್ಕಾ, ಈ ಸಲ ಇಪ್ಪತ್ತನಾಲ್ಕು ಸಾವಿರ ಉಳಿಸಿದೆ ನೋಡು!"

"ಎಲ್ಲಿ ಉಳಿಸಿದೆ?"

"ಪಿಂಚಣಿ ಯೋಜನೆಗೆ ಐವತ್ತು ಹಾಕಿದ್ದೆ, ಆರೋಗ್ಯ ವಿಮೆಗೆ ಮೂವತ್ತು. ಒಟ್ಟು ಎಂಬತ್ತು ಸಾವಿರ. ಅಷ್ಟಕ್ಕೆ ತೆರಿಗೆ ಇಲ್ಲ. ನಂದು ನೂರಕ್ಕೆ ಮೂವತ್ತರ ದರ. ಇಪ್ಪತ್ತನಾಲ್ಕು ಸಾವಿರ ಕಟ್ಟಬೇಕಾಗಿಲ್ಲ."

"ಅಂದ್ರೆ ನೀನು ಕಟ್ಟಬೇಕಾಗಿದ್ದ ಇಪ್ಪತ್ತನಾಲ್ಕು ಸಾವಿರ ಖಜಾನೆಗೆ ಹೋಗಲಿಲ್ಲ."

"ಹೋಗಲಿಲ್ಲ ಅಂತಲ್ಲಕ್ಕಾ, ಸರ್ಕಾರ ಬಿಟ್ಟುಕೊಟ್ಟಿತು."

"ಇಪ್ಪತ್ತನಾಲ್ಕು ಸಾವಿರ ನನ್ನ ಎರಡು ತಿಂಗಳ ಸಂಬಳ ಕಣೋ!"

"ಅದಕ್ಕೂ ಇದಕ್ಕೂ ಏನು ಸಂಬಂಧ? ಇದು ಖರ್ಚಲ್ಲ. ಸರ್ಕಾರ ಯಾರಿಗೂ ಏನೂ ಕೊಡಲಿಲ್ಲ. ತಗೊಳ್ಳಲಿಲ್ಲ, ಅಷ್ಟೆ."

ಮೂಲೆಯಲ್ಲಿ ಕೂತು ಟೀ ಹೀರುತ್ತಿದ್ದ ಕಂಡಕ್ಟರ್ ಬಾಯಿ ಬಿಟ್ಟ. ಅವನು ದಿನಕ್ಕೆ ನಾಲ್ಕು ಮಾತಾಡುವ ಮನುಷ್ಯ, ಅದರಲ್ಲಿ ಮೂರು 'ಹ್ಞೂಂ'. "ನಾನು ಮುಂದಿನ ಸೀಟಿನವರ ಹತ್ರ ಟಿಕೆಟ್ ದುಡ್ಡು ತಗೊಳ್ಳದೆ ಬಿಟ್ಟಿದ್ರೆ, ಡಿಪೋದಲ್ಲಿ 'ನಾನು ಕೊಡಲಿಲ್ಲ ಸಾರ್, ತಗೊಳ್ಳಲಿಲ್ಲ ಅಷ್ಟೆ' ಅಂತ ಹೇಳಬಹುದಿತ್ತೇನೋ," ಎಂದ. "ಸಸ್ಪೆಂಡ್ ಮಾಡ್ತಿದ್ರು."

"ಭಾವ, ನೀವು ಸುಮ್ನಿರಿ. ಇದು ಕಾನೂನು. ಜನ ಮುದಿತನಕ್ಕೆ ಉಳಿಸಲಿ, ಕಾಯಿಲೆಗೆ ವಿಮೆ ಮಾಡಿಸಲಿ ಅಂತ ಸರ್ಕಾರ ಕೊಡೋ ಪ್ರೋತ್ಸಾಹ."

"ನಾನೂ ಮುದುಕಿ ಆಗ್ತೀನಿ. ನನಗೂ ಕಾಯಿಲೆ ಬರುತ್ತೆ. ನನಗೆಷ್ಟು ಪ್ರೋತ್ಸಾಹ?" ಎಂದಳು ಮೈಕಕ್ಕ.

"ನೀನು ಆದಾಯ ತೆರಿಗೆ ಕಟ್ಟೋದೇ ಇಲ್ವಲ್ಲಕ್ಕಾ. ಸಂಬಳ ಅಷ್ಟಿಲ್ಲ. ನಿನಗೆ ಸೊನ್ನೆ."

"ಸೋಪಿಗೆ ಕಟ್ತೀನಿ, ಬೆಂಕಿಪೊಟ್ಟಣಕ್ಕೆ ಕಟ್ತೀನಿ, ಚಪ್ಪಲಿಗೆ ಕಟ್ತೀನಿ."

"ಅದಕ್ಕೆಲ್ಲ ರಿಯಾಯಿತಿ ಇಲ್ಲ."

ಮೈಕಕ್ಕ ಲೋಟ ಕೆಳಗಿಟ್ಟಳು. ಅವಳು ಲೋಟವನ್ನು ಆ ಥರ ಸದ್ದಾಗದ ಹಾಗೆ ಇಟ್ಟಳೆಂದರೆ ಏನೋ ಒಂದು ಚಳವಳಿ ಹುಟ್ಟಿತೆಂದು ಅರ್ಥ. ಕಂಡಕ್ಟರ್ ಹೆದರಿ ತನ್ನ ಲೋಟವನ್ನೂ ಇಟ್ಟ.

ಇಲ್ಲಿ ಆಸ್ಪತ್ರೆಯ ಒಂದು ಪದ್ಧತಿ ಹೇಳಬೇಕು. ಪಾಳಿ ಬದಲಾಗುವಾಗ ಆಯಾಗಳು ವಾರ್ಡಿನ ಬಟ್ಟೆ ಲೆಕ್ಕ ಒಪ್ಪಿಸಬೇಕು. ಹೋಗುವವಳು ಎಣಿಸಿ ಕೂಗುತ್ತಾಳೆ: "ಬೆಡ್‌ಶೀಟು ನಲವತ್ತು! ರಗ್ಗು ಇಪ್ಪತ್ತೆರಡು! ದಿಂಬಿನ ಕವರು ಮೂವತ್ತೊಂಬತ್ತು!" ಬರುವವಳು ರಿಜಿಸ್ಟರಿನಲ್ಲಿ ಬರೆದು ತಿರುಗಿ ಕೂಗುತ್ತಾಳೆ. ಇಬ್ಬರೂ ಸಹಿ ಹಾಕುತ್ತಾರೆ. ಮಲಗಿರುವ ರೋಗಿಗಳೆಲ್ಲ ಸಾಕ್ಷಿ. ಪಿಸುಗುಟ್ಟಿ ಎಣಿಸುವ ಹಾಗಿಲ್ಲ, ಬರೆದದ್ದನ್ನು ಹೊಡೆದು ಹಾಕುವ ಹಾಗಿಲ್ಲ. ಒಂದು ದಿಂಬಿನ ಕವರು ಕಡಿಮೆ ಬಂದರೆ ಅದರ ಬೆಲೆ ಆಯಾಳ ಸಂಬಳದಲ್ಲಿ ಕಟ್. ಇದನ್ನು ಮೂವತ್ತನಾಲ್ಕು ವರ್ಷ ಮಾಡಿದವಳು ಮೈಕಕ್ಕ.

"ಒಂದು ದಿಂಬಿನ ಕವರು ಕಾಣೆಯಾದ್ರೆ ನಮ್ಮ ಸಂಬಳದಲ್ಲಿ ಕಟ್," ಎಂದಳು ಅವಳು ಮಾರನೇ ದಿನ ಬಟ್ಟೆ ಕೋಣೆಯಲ್ಲಿ, ಗೆಳತಿ ಕುಳ್ಳಿಗೆ. "ಖಜಾನೇಲಿ ಇಷ್ಟು ಕಾಣೆಯಾದ್ರೆ ಯಾರ ಸಂಬಳದಲ್ಲಿ ಕಟ್?"

ಕುಳ್ಳಿ ನಾಲ್ಕೂವರೆ ಅಡಿಯ ಆಯಾ, ಸಂಘದ ಕಾರ್ಯದರ್ಶಿ. ಅವಳು ಬೆಡ್‌ಶೀಟು ಮಡಿಸುತ್ತ ಯೋಚಿಸಿದಳು. "ಅದೂ ನಮ್ಮದರಲ್ಲೇ ಆಗಿರೋ ಹಾಗಿದೆ ಕಣೆ."

"ಹಾಗಿದ್ರೆ ಎಣಿಸೋಣ. ರಿಜಿಸ್ಟರು ತಗೋ."

ತೆರಿಗೆ ಲೆಕ್ಕ ಸಲ್ಲಿಸಲು ಅದು ಕೊನೆಯ ವಾರ. ತಮ್ಮನ ಆಫೀಸಿನ ಮುಂದೆ ಬೆಳಿಗ್ಗೆ ಎಂಟಕ್ಕೇ ಸರದಿ. ಗುರುವಾರ ಮೈಕಕ್ಕ ರಜೆ ಹಾಕಿ (ಕೊಡದ ಸಂಬಳಕ್ಕೆ ರಜೆ ಹಾಕುವುದೊಂದು ವಿಶೇಷ ಸುಖ) ಗೇಟಿನ ಒಳಗಡೆ ಮೇಜು ಹಾಕಿದಳು. ಹಿಂದೆ ಗೋಡೆಗೆ ಹಳೆ ಬೆಡ್‌ಶೀಟು ಕಟ್ಟಿ ಅದರ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಳು: 'ಸಾರ್ವಜನಿಕ ರಿಯಾಯಿತಿ ಎಣಿಕೆ ಕಟ್ಟೆ. ಯಾರೂ ದುಡ್ಡು ಕೊಡಬೇಕಾಗಿಲ್ಲ. ಒಪ್ಪಿ ಸಹಿ ಹಾಕಿದರೆ ಸಾಕು.' ಕುಳ್ಳಿ ರಿಜಿಸ್ಟರಿನಲ್ಲಿ ಕಾಲಮ್ಮು ಗೆರೆ ಎಳೆದಳು. ಸರದಿ ಸಂಖ್ಯೆ. ಪಿಂಚಣಿಗೆ ಹಾಕಿದ್ದು. ವಿಮೆಗೆ ಹಾಕಿದ್ದು. ಅದರಿಂದ ಖಜಾನೆಗೆ ಬಾರದೆ ಹೋದದ್ದು. ಯಾರ ಮೈಗೆ. ಸಹಿ.

"'ಯಾರ ಮೈಗೆ' ಯಾಕೆ?" ಎಂದಳು ಕುಳ್ಳಿ.

"ವಾರ್ಡಿನಲ್ಲಿ ಯಾವ ಬೆಡ್ಡಿಗೆ ಯಾವ ಶೀಟು ಅಂತ ಬರೀತೀವೋ ಇಲ್ವೋ? ಹಾಗೇ ಇದು."

ತಮ್ಮ ಬಾಗಿಲಿಗೆ ಬಂದು ತಲೆಗೆ ಕೈ ಇಟ್ಟುಕೊಂಡ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ. ವರ್ಷದಲ್ಲಿ ಒಂದು ವಾರ ನನ್ನ ಹೊಟ್ಟೆಪಾಡು. ಕಕ್ಷಿದಾರರೆಲ್ಲ ಓಡಿ ಹೋಗ್ತಾರೆ!"

"ಸರದಿ ಒಂದು!" ಎಂದು ಮೈಕಕ್ಕ ಕೂಗಿದಳು. "ಆಡಿಟರು! ಪಿಂಚಣಿ ಐವತ್ತು ಸಾವಿರ! ವಿಮೆ ಮೂವತ್ತು ಸಾವಿರ! ಖಜಾನೆಗೆ ಬಾರದ್ದು ಇಪ್ಪತ್ತನಾಲ್ಕು ಸಾವಿರ!" ಕುಳ್ಳಿ ಬರೆದು ತಿರುಗಿ ಕೂಗಿದಳು. ಬೀದಿಯ ಆ ಕೊನೆಯಲ್ಲಿ ಯಾರೋ ಕಿಟಕಿ ತೆರೆದರು. "ಸಹಿ ಹಾಕೋ. ಮೊದಲು ನಮ್ಮ ಮನೆ, ಆಮೇಲೆ ಊರು."

ತಮ್ಮ ಸಹಿ ಹಾಕಿದ. ಅಕ್ಕನ ಎದುರು ನಿಲ್ಲುವ ಧೈರ್ಯ ಅವನಿಗೆ ಐದನೇ ವಯಸ್ಸಿನಲ್ಲೂ ಇರಲಿಲ್ಲ, ಐವತ್ತೈದರಲ್ಲೂ ಬಂದಿರಲಿಲ್ಲ.

ಸರದಿ ಎರಡು, ಹಲ್ಲಿನ ಡಾಕ್ಟರು. ಪಿಂಚಣಿಗೆ ಒಂದು ಲಕ್ಷ, ವಿಮೆಗೆ ಐವತ್ತು ಸಾವಿರ, ಬಾರದೆ ಹೋದದ್ದು ನಲವತ್ತೈದು ಸಾವಿರ. ಅವರು ಇದೂ ಆಡಿಟರ ಯಾವುದೋ ಹೊಸ ಫಾರಮ್ಮು ಅಂದುಕೊಂಡು ಮೂರು ಕಡೆ ಸಹಿ ಹಾಕಿ, "ಸೀಲು ಬೇಕಾ?" ಎಂದು ಕೇಳಿ, ಸೀಲನ್ನೂ ಒತ್ತಿ ಹೋದರು.

ಸರದಿ ಮೂರು, ಸಿಮೆಂಟು ಕಬ್ಬಿಣದ ಸಾಹುಕಾರ. ಅವನು ಓದಿ ನೋಡಿದ. ಓದುವ ಸಾಹುಕಾರ ಅಪಾಯ.

"ಇದೇನಮ್ಮ, ನನ್ನ ಸ್ವಂತ ದುಡ್ಡು, ನನ್ನ ಸ್ವಂತ ವಿಮೆ. ನಿಮಗ್ಯಾಕೆ ಲೆಕ್ಕ?"

"ನಿಮ್ಮ ದುಡ್ಡು ನಿಮ್ಮದೇ ಸಾಹುಕಾರ್ರೇ. ನಿಮ್ಮ ಕೈಲಿರೋ ಆಡಿಟರ್ ಚೀಟೀಲೇ ಇದೆ, ಅದರ ಮೇಲೆ ಕಟ್ಟಬೇಕಾಗಿದ್ದ ಮೂವತ್ತಾರು ಸಾವಿರ ನಿಮ್ಮದಲ್ಲ. ಅದು ನನ್ನ ಮೂರು ತಿಂಗಳು."

"ಸರ್ಕಾರ ಕಾನೂನು ಮಾಡಿ ಕೊಟ್ಟಿದೆ."

"ಕಳ್ಳತನ ಅಂದ್ನಾ? ಕೊಟ್ಟಿದೆ ಅಂತ ನೀವೇ ಹೇಳಿದ್ರಲ್ಲ, ಅದನ್ನೇ ಬರೆದು ಸಹಿ ಹಾಕಿ ಅಂತಿರೋದು."

"ಹಾಕಲ್ಲ!"

"ಕುಳ್ಳೀ, ಬರ್ಕೋ. ಸರದಿ ಮೂರು, ಮೂವತ್ತಾರು ಸಾವಿರ, ಸಹಿಗೆ ಕೈ ಬರಲಿಲ್ಲ!" ಅದನ್ನು ಬೀದಿಯೆಲ್ಲ ಕೇಳಿತು. ಸಾಹುಕಾರ ಹೋಗಲಿಲ್ಲ, ಬೇವಿನ ಮರದ ಕೆಳಗೆ ಸ್ಕೂಟರಿಗೆ ಒರಗಿ ನಿಂತ. ಇವಳ ಆಟ ಎಲ್ಲಿಗೆ ಮುಟ್ಟುತ್ತದೋ ನೋಡೇ ಹೋಗುತ್ತೇನೆ ಎನ್ನುವ ಹಟ.

ನಿವೃತ್ತ ಮೇಡಂ ಒಬ್ಬರು ಬಂದರು, ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಅವರು ಜಗಳವಾಡಲಿಲ್ಲ, ನ್ಯಾಯವಾಗಿ ಕೇಳಿದರು. "ನಾವು ವಿಮೆ ಮಾಡಿಸಿ ಖಾಸಗಿ ಆಸ್ಪತ್ರೆಗೆ ಹೋದ್ರೆ ನಿಮ್ಮ ಆಸ್ಪತ್ರೆಗೆ ಭಾರ ಕಡಿಮೆ ಆಗುತ್ತಲ್ಲಮ್ಮ?"

"ಆಗಬೇಕಿತ್ತು ಮೇಡಂ. ಆದ್ರೆ ವಿಮೆ ದುಡ್ಡು ಮುಗಿಯೋವರೆಗೆ ಅವರು ಇಟ್ಕೋತಾರೆ. ಮುಗಿದ ದಿನ ಆಂಬುಲೆನ್ಸಿನಲ್ಲಿ ಹಾಕಿ ನಮ್ಮ ವಾರ್ಡಿಗೆ ಕಳಿಸ್ತಾರೆ. ಬೆನ್ನೆಲ್ಲ ಹುಣ್ಣಾಗಿರುತ್ತೆ. ಅದನ್ನ ತೊಳೆಯೋಳು ನಾನು. ನಿಮಗೆಷ್ಟು ರಿಯಾಯಿತಿ ಬಂತು?"

"ವಿಮೆ ಮೂವತ್ತು ಸಾವಿರ. ನಂದು ನೂರಕ್ಕೆ ಹತ್ತರ ದರ. ಮೂರು ಸಾವಿರ."

"ನೋಡಿ, ನನ್ನ ತಮ್ಮನೂ ವಿಮೆಗೆ ಅಷ್ಟೇ ಕಟ್ಟೋದು. ಅದಕ್ಕೆ ಅವನಿಗೆ ಒಂಬತ್ತು ಸಾವಿರ. ನಿಮಗೆ ಮೂರು. ನಾನು ಸಾಲ ಮಾಡಿ ಕಟ್ಟಿದ್ರೆ ನನಗೆ ಸೊನ್ನೆ. ಅಂಗಡಿಯವನು ಸಾಹುಕಾರನಿಗೆ ಅಗ್ಗಕ್ಕೆ, ಮೇಡಂಗೆ ಸುಮಾರಿಗೆ, ಆಯಾಗೆ ಪೂರ್ತಿ ಬೆಲೆಗೆ ಅಕ್ಕಿ ಮಾರಿದ್ರೆ ಆ ಅಂಗಡಿ ಉಳೀತಿತ್ತಾ?"

ಮೇಡಂ ಸ್ವಲ್ಪ ಹೊತ್ತು ಲೆಕ್ಕ ಹಾಕಿ, ತಪ್ಪು ಸಿಗದೆ, ಸಹಿ ಹಾಕಿದರು. ಕುಳ್ಳಿ ಕೂಡಿಸಿದ್ದರಲ್ಲಿ ಒಂದು ತಪ್ಪು ಸಿಕ್ಕಿತು, ಅದನ್ನು ತಿದ್ದಿ ಹೋದರು.

ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೆರಡು ಸರದಿ ಆಗಿತ್ತು. ಬಿಸಿಲಿಗೆ ಮುಖ ಕೆಂಪಾಗಿದ್ದರೂ ಮೈಕಕ್ಕ ನಿಂತೇ ಇದ್ದಳು. ಜನ ಗುಂಪುಗೂಡಿದ್ದರು.

"ಕೂತ್ಕೋಳೇ, ಮಂಡಿ ನೋವು ಬಂದೀತು," ಎಂದಳು ಕುಳ್ಳಿ.

"ಈ ಮಂಡಿಗೆ ನೋವಾ?" ಮೈಕಕ್ಕ ಬಲಗಾಲು ನೆಲಕ್ಕೆ ಎರಡು ಸಲ ಬಡಿದು ತೋರಿಸಿದಳು. ಎರಡು ವರ್ಷದ ಹಿಂದೆ ಆ ಮಂಡಿಗೆ ಆಪರೇಷನ್ ಆಗಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಮಂಡಿ ಡಾಕ್ಟರ ಹುದ್ದೆ ಆರು ವರ್ಷದಿಂದ ಖಾಲಿ. ಆದ್ದರಿಂದ ಎದುರಿನ ಗಾಜಿನ ಕಟ್ಟಡದ ಖಾಸಗಿ ಆಸ್ಪತ್ರೆಯಲ್ಲಿ ಆಗಿತ್ತು, ಒಂದು ಕಾಸೂ ಕೊಡದೆ. "ಹಿಂದೆ ಅವರ ಗೇಟಿನ ಮುಂದೆ ಹನ್ನೊಂದು ದಿನ ಕೂತಿದ್ದೆನಲ್ಲ, ಕಸ ನಮ್ಮ ಕಡೆ ಸುರೀತಾರೆ ಅಂತ? ನಾನು ಭರ್ತಿಯಾದೆ ಅಂದ ಕೂಡ್ಲೇ ಮ್ಯಾನೇಜರು ಬಂದು ಕೈ ಮುಗಿದ. 'ನಿಮ್ಮ ಹತ್ರ ಬಿಲ್ಲು ಕೇಳೋಕಾಗುತ್ತಾ ಅಮ್ಮ' ಅಂದ. ಸಂಘಟನೆ ಅಂದ್ರೆ ಇದು ಕಣೆ! ವಿಮೆ ಅಲ್ಲ, ಹೆದರಿಕೆ!"

ಈ ಮಾತನ್ನು ಅವಳು ಎರಡು ವರ್ಷದಲ್ಲಿ ಹದಿನಾರು ಸಭೆಯಲ್ಲಿ ಹೇಳಿದ್ದಳು. ಚಪ್ಪಾಳೆ ಬೀಳುತ್ತಿತ್ತು. ಇವತ್ತೂ ಬಿತ್ತು.

ಅದೇ ಹೊತ್ತಿಗೆ ತಮ್ಮನ ಆಫೀಸಿನಿಂದ ಇಪ್ಪತ್ತಮೂರನೆಯ ಕಕ್ಷಿದಾರಳು ಹೊರಬಂದಳು. ಗೇಟಿನ ಕಡೆ ನೋಡಿ, ಬಾತ್‌ರೂಮಿನ ಪಕ್ಕದ ಸಂದಿಯಲ್ಲಿ ನುಸುಳಿ ಹಿತ್ತಲಿನ ಬಾಗಿಲಿಗೆ ಹೊರಟಳು.

"ಹಿಡೀರೇ!" ಎಂದಳು ಮೈಕಕ್ಕ. "ಯಾರೋ ಎಣಿಕೆ ತಪ್ಪಿಸ್ತಿದ್ದಾರೆ!"

ಕುಳ್ಳಿ ಓಡಿ ಹೋಗಿ ಕೈ ಹಿಡಿದು ಎಳೆದು ತಂದಳು. ನೋಡಿದರೆ ಮೈಕಕ್ಕನ ಮಗಳು. ಪಾರ್ಸೆಲ್ ಕಂಪನಿಯಲ್ಲಿ ಸೂಪರ್‌ವೈಸರ್. ಅಮ್ಮನ ಗಂಟಲು ಬಂದಿಲ್ಲ, ಹಟ ಬಂದಿದೆ.

"ಅಮ್ಮ, ನನ್ನದು ಮನೆಯಲ್ಲಿ ಬರ್ಕೋ. ಕೂಗಬೇಡ."

"ಯಾಕೆ ಕೂಗಬಾರದು? ಮಗಳು ಅಂತ ಬಿಟ್ರೆ ಸಾಹುಕಾರ್ರು ಏನಂತಾರೆ?"

"ಅಮ್ಮ, ಕೈ ಮುಗೀತೀನಿ."

"ಪದ್ಧತಿ ಪದ್ಧತಿ! ಕೊಡು ಆ ಚೀಟಿ." ಮೈಕಕ್ಕ ಚೀಟಿ ಕಿತ್ತುಕೊಂಡು ಎದೆ ತುಂಬ ಗಾಳಿ ತೆಗೆದುಕೊಂಡಳು. "ಸರದಿ ಇಪ್ಪತ್ತಮೂರು! ನನ್ನ ಸ್ವಂತ ಮಗಳು! ಪಿಂಚಣಿ ಸೊನ್ನೆ! ಆರೋಗ್ಯ ವಿಮೆ ನಲವತ್ತು ಸಾವಿರ! ಖಜಾನೆಗೆ ಬಾರದೆ ಹೋದದ್ದು ಎಂಟು ಸಾವಿರ! ಯಾರ ಮೈಗೆ..."

ಅಲ್ಲಿ ನಿಂತಳು. ಚೀಟಿಯನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

"ಯಾರ ಮೈಗೆ?" ಎಂದಳು ಕುಳ್ಳಿ ಪೆನ್ನು ಹಿಡಿದು.

ಮಗಳು ನೆಲ ನೋಡುತ್ತ ಹೇಳಿದಳು. "ಬರ್ಕೊಳ್ಳಿ ಚಿಕ್ಕಮ್ಮ. ತಂದೆ, ತಾಯಿ. ಎರಡು ವರ್ಷದ ಹಿಂದೆ ತಾಯಿಯ ಬಲ ಮಂಡಿ. ಗಾಜಿನ ಆಸ್ಪತ್ರೆ. ಎರಡು ಲಕ್ಷದ ಅರವತ್ತು ಸಾವಿರ ವಿಮೆ ಕಂಪನಿ ಕೊಟ್ಟಿದ್ದು."

ಕುಳ್ಳಿ ಪಾಪ, ಮೂವತ್ತು ವರ್ಷದ ಅಭ್ಯಾಸ. ಬರೆದು, ತಿರುಗಿ ಕೂಗಿಬಿಟ್ಟಳು. "ತಾಯಿಯ ಬಲ ಮಂಡಿ!"

ಬೀದಿಯೆಲ್ಲ ನಕ್ಕಿತು. ಸಾಹುಕಾರ ಸ್ಕೂಟರು ಬಿಟ್ಟು ಬಂದ. ಅವನ ಮುಖದಲ್ಲಿ ಮೂವತ್ತಾರು ಸಾವಿರ ವಾಪಸ್ಸು ಬಂದಷ್ಟು ಸಂತೋಷ.

"ಅಮ್ಮಾ, ನಿಮ್ಮ ಲೆಕ್ಕವನ್ನೇ ಕೇಳ್ತೀನಿ. ಹಾಗಿದ್ರೆ ಬೆಳಗಿನಿಂದ ನೀವು ಬಡಿದು ಬಡಿದು ತೋರಿಸ್ತಿರೋ ಆ ಮಂಡಿಯಲ್ಲಿ ನಮ್ಮದೂ ಪಾಲು ಬಂತಲ್ಲ? ಸ್ವಲ್ಪ ನಿಧಾನವಾಗಿ ಬಡೀರಿ, ಸಾರ್ವಜನಿಕ ಆಸ್ತಿ!"

ಮೈಕಕ್ಕ ಗಂಡನ ಕಡೆ ತಿರುಗಿದಳು. ಕಂಡಕ್ಟರ್ ಕ್ಲಿಪ್ಪಿನ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ನಿಮಗೆ ಗೊತ್ತಿತ್ತಾ?"

"ಹ್ಞೂಂ."

"ಆ ಮ್ಯಾನೇಜರು ಕೈ ಮುಗಿದದ್ದು?"

"ನಾನೇ ಹೇಳಿಕೊಟ್ಟಿದ್ದೆ," ಎಂದ ಕಂಡಕ್ಟರ್. ಆ ದಿನದ ನಾಲ್ಕನೇ ಮಾತು ಇನ್ನೂ ಉಳಿದಿತ್ತೋ ಏನೋ, ಪೂರ್ತಿ ಹೇಳಿದ. "ವಿಮೆ ಅಂದಿದ್ರೆ ನೀನು ಆಪರೇಷನ್ನೇ ಬೇಡ ಅಂತಿದ್ದೆ. ಕುಂಟಿಕೊಂಡೇ ವಾರ್ಡು ಸುತ್ತುತ್ತಿದ್ದೆ. ಅವತ್ತು ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿದೆಯಲ್ಲ, ಅದರಲ್ಲಿ ವಿಮೆಯದ್ದೂ ಇತ್ತು. ಓದಲಿಲ್ಲ ನೀನು. ಮ್ಯಾನೇಜರಿಗೆ ಭಾಷಣ ಮಾಡ್ತಿದ್ದೆ."

"ಬೈಯೋದಿದ್ರೆ ನನ್ನ ಬೈಯಿ," ಎಂದಳು ಮಗಳು. ಈಗ ತಲೆ ಎತ್ತಿದ್ದಳು. "ನೀನು ಮೆಟ್ಟಿಲು ಹತ್ತುವಾಗ ಗೋಡೆ ಹಿಡ್ಕೊಂಡು ಅಳೋದನ್ನ ನಾನು ನೋಡಿದ್ದೆ. ನಿನ್ನ ಆಸ್ಪತ್ರೇಲಿ ಡಾಕ್ಟರಿಲ್ಲ. ಡಾಕ್ಟರು ಬರೋವರೆಗೆ ಧರಣಿ ಮಾಡೋಣ ಅಂದೆ ನೀನು. ಧರಣಿಗೆ ಕೂತ್ಕೊಳ್ಳೋಕಾದ್ರೂ ಮಂಡಿ ಮಡಿಸಬೇಕಲ್ಲಮ್ಮ!"

ಮೈಕಕ್ಕನ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಪೊಲೀಸರಿಗೆ ಆಗದ್ದು ಇಪ್ಪತ್ತಮೂರನೇ ಸರದಿಗೆ ಆಯಿತು. ಅವಳು ಕುರ್ಚಿಯ ಮೇಲೆ ಕೂತಳು. ಬಲಗಾಲನ್ನು ಪರರ ಸಾಮಾನು ಇಟ್ಟ ಹಾಗೆ ಹುಷಾರಾಗಿ ಮುಂದಕ್ಕೆ ಚಾಚಿ ಇಟ್ಟಳು.

ಕುಳ್ಳಿ ಬಗ್ಗಿ ಕಿವಿಯಲ್ಲಿ ಹೇಳಿದಳು. "ಈ ಸಾಲು ಹೊಡೆದು ಹಾಕ್ಲಾ? ಇಂಕು ಚೆಲ್ಲಿತು ಅನ್ನೋಣ."

"ಮುಟ್ಟಬೇಡ!" ಗಂಟಲು ವಾಪಸ್ಸು ಬಂದಿತ್ತು. "ಬರೆದದ್ದನ್ನ ಯಾವತ್ತು ಹೊಡೆದಿದ್ದೀವಿ? ಕೊಡು ಪೆನ್ನು."

ಮಗಳ ಸಹಿಯ ಪಕ್ಕದಲ್ಲೇ ಅವಳೂ ಸಹಿ ಹಾಕಿದಳು. ಎದ್ದು ನಿಂತು ಇಡೀ ಸಾಲನ್ನು ಇನ್ನೊಂದು ಸಲ ಮೊದಲಿನಿಂದ ಕೊನೆಯವರೆಗೆ ಕೂಗಿದಳು, ಮಂಡಿ ಸಮೇತ. ಆಮೇಲೆ ಸಾಹುಕಾರನ ಮುಂದೆ ರಿಜಿಸ್ಟರು ಹಿಡಿದಳು.

"ನನ್ನ ಮಂಡಿ ನಾನು ಒಪ್ಪಿದೆ. ನನ್ನ ಆಸ್ಪತ್ರೇಲಿ ಮಂಡಿ ಡಾಕ್ಟರಿಗೆ ಕೊಡೋಕೆ ದುಡ್ಡಿಲ್ಲ, ರಿಯಾಯಿತಿ ಅಂತ ಗಾಜಿನ ಆಸ್ಪತ್ರೆಗೆ ಸುತ್ತು ದಾರೀಲಿ ಕಳಿಸೋಕೆ ಇದೆ. ಆ ಸುತ್ತು ದಾರೀಲಿ ನಾನೂ ನಡೆದೆ. ಈಗ ನಿಮ್ಮದು ಹೇಳಿ."

ಸಾಹುಕಾರನ ನಗು ಅರ್ಧಕ್ಕೆ ನಿಂತಿತು. ನೋಡುತ್ತಿದ್ದವರೆಲ್ಲ ಈಗ ಅವನನ್ನು ನೋಡಿದರು. ಅವನು ಗೊಣಗುತ್ತ, ಓದಲು ಬಾರದ ಹಾಗೆ ಸಹಿ ಗೀಚಿ ಹೊರಟು ಹೋದ. ಗಣಿತದ ಮೇಡಂ ಹೇಳಿಕೊಟ್ಟ ಹಾಗೆ ಕುಳ್ಳಿ ಒಟ್ಟು ಕೂಡಿಸಿದಳು. ಒಂದು ಬೀದಿ, ಒಂದು ದಿನ, ಇಪ್ಪತ್ತಮೂರು ಜನ: ನಾಲ್ಕು ಲಕ್ಷದ ತೊಂಬತ್ತನಾಲ್ಕು ಸಾವಿರ. ಹತ್ತು ಆಯಾಗಳ ನಾಲ್ಕು ತಿಂಗಳ ಸಂಬಳ ಕೊಟ್ಟ ಮೇಲೂ ಹದಿನಾಲ್ಕು ಸಾವಿರ ಮಿಕ್ಕುತ್ತದೆ.

ಸೋಮವಾರ ರಿಜಿಸ್ಟರಿನ ನಕಲನ್ನು ಹೆಡ್ ಕ್ಲಾರ್ಕಿನ ಮೇಜಿನ ಮೇಲೆ ಇಟ್ಟರು. "ದುಡ್ಡು ಯಾರ ಮನೆಗೆ ಹೋಯ್ತು ಅಂತ ಕೇಳಿದ್ದೆನಲ್ಲ ಸಾರ್, ಹುಡುಕಿಕೊಂಡು ಬಂದಿದ್ದೀವಿ," ಎಂದಳು ಮೈಕಕ್ಕ. ಹೆಡ್ ಕ್ಲಾರ್ಕು ಪುಟ ತಿರುವಿದ. ಇದು ತಮ್ಮ ಇಲಾಖೆಗೆ ಬರುವುದಿಲ್ಲ, ಹಣಕಾಸಿನವರಿಗೆ ಸೇರಿದ್ದು ಎಂದ. ಕೊನೆಯ ಪುಟದಲ್ಲಿ ಇಪ್ಪತ್ತಮೂರನೇ ಸಾಲಿನ ಮೇಲೆ ಅವನ ಬೆರಳು ನಿಂತಿತು. "ಓಹೋ," ಎಂದ. ನಕಲನ್ನು ಇಟ್ಟುಕೊಂಡ.

ಹದಿನೈದು ದಿನಕ್ಕೆ ಮೈಕಕ್ಕನ ಮನೆಗೆ ಮೊಹರು ಹಾಕಿದ ಲಕೋಟೆ ಬಂತು. ಕಂಡಕ್ಟರ್ ಓದಿದ:

"'ಸದರಿ ಆಯಾ ಅವರು ತಮ್ಮ ಬಲ ಮೊಣಕಾಲಿನ ಸಂಬಂಧವಾಗಿ ಸಾರ್ವಜನಿಕ ಖಜಾನೆಗೆ ಎಂಟು ಸಾವಿರದಷ್ಟು ಆದಾಯ ಖೋತಾ ಆಗಿರುವುದನ್ನು ಸ್ವಹಸ್ತಾಕ್ಷರದಲ್ಲಿ ಒಪ್ಪಿಕೊಂಡಿರುವುದರಿಂದ, ಸದರಿ ಮೊತ್ತವನ್ನು ಸದರಿಯವರಿಗೆ ಪಾವತಿಸಲು ಬಾಕಿ ಇರುವ ನಾಲ್ಕು ತಿಂಗಳ ವೇತನ ನಲವತ್ತೆಂಟು ಸಾವಿರದಿಂದ ಕಡಿತಗೊಳಿಸಲು ಆದೇಶಿಸಿದೆ.'" ಅವನು ಕಾಗದ ಕೆಳಗಿಟ್ಟ. "ಹೋಯ್ತಲ್ಲೇ! ಕೊಡದ ಸಂಬಳದಲ್ಲಿ ಎಂಟು ಸಾವಿರ ಕಟ್!"

ತಮ್ಮ ಮಹಡಿಯಿಂದ ಇಳಿದು ಬಂದು ಹಣೆ ಚಚ್ಚಿಕೊಂಡ. "ಇದು ಕಾನೂನೇ ಅಲ್ಲಕ್ಕಾ! ರಿಯಾಯಿತಿ ಪಡೆದವಳು ಅವಳು, ಕಡಿತ ನಿನಗೆ! ನಾನು ಬಡ್ಕೊಂಡೆ, ಸಹಿ ಹಾಕಬೇಡ, ಕೂಗಬೇಡ ಅಂತ!"

"ಮತ್ತೆ ಓದಿ," ಎಂದಳು ಮೈಕಕ್ಕ ಗಂಡನಿಗೆ.

"ಯಾಕೆ, ಹೊಟ್ಟೆ ಉರಿಸ್ಕೊಳ್ಳೋಕಾ?"

"ಎಲ್ಲಿಂದ ಕಡಿತ ಅಂದ್ರಿ? ಆ ಸಾಲು ಓದಿ."

"'ಸದರಿಯವರಿಗೆ ಪಾವತಿಸಲು ಬಾಕಿ ಇರುವ...'"

"ಬಾಕಿ!" ಎಂದಳು ಮೈಕಕ್ಕ. ಪಕ್ಕದ ಮನೆಯವರು ಏನು ಬೇಕಾಯಿತೋ ಎಂದು ಓಡಿ ಬಂದರು. "ಬಾಕಿ ಇರುವ ನಾಲ್ಕು ತಿಂಗಳು! ನಲವತ್ತೆಂಟು ಸಾವಿರ! ಸಹಿ ಇದೆಯಾ? ಮೊಹರು ಇದೆಯಾ? ಲೇ ತಮ್ಮಾ, ಇದು ಪರಿಶೀಲನೆ ಅಲ್ಲ ಕಣೋ, ಬಾಕಿ! ಎಂಟು ಸಾವಿರ ಕಿತ್ತುಕೊಳ್ಳೋ ಆಸೆಗೆ ನಲವತ್ತೆಂಟು ಒಪ್ಪಿಕೊಂಡಿದ್ದಾರೆ!"

ಸುದ್ದಿ ಬಟ್ಟೆ ಕೋಣೆಗೆ ಮುಟ್ಟಿತು. ಮೈಕಕ್ಕ ಮಾರನೇ ದಿನ ಹೂವಿನ ಹಾರ ಬೀಳಬಹುದು ಎಂದುಕೊಂಡು ಒಳ್ಳೆ ಸೀರೆ ಉಟ್ಟು ಹೋದಳು. ಮೂವತ್ತು ಆಯಾಗಳು ಸೊಂಟಕ್ಕೆ ಕೈ ಇಟ್ಟು ಕಾಯುತ್ತಿದ್ದರು.

"ನಾಯಕಿಯವರು ಬಂದ್ರು," ಎಂದಳು ಕುಳ್ಳಿ, ಸಾಲಿನ ಮುಂದೆ ನಿಂತು. "ಒಬ್ಬಳೇ ಹೋಗಿ ಕಡಿತ ಮಾಡಿಸ್ಕೊಂಡು ಬಂದೆ. ನಾವೇನು ಪಾಪ ಮಾಡಿದ್ವಿ? ನಮಗೂ ಕಡಿತ ಬೇಕು!"

"ಲೇ, ನಾನೇನು ಹೇಳಿ ಮಾಡಿಸ್ಕೊಂಡ್ನಾ?"

"ಅದೆಲ್ಲ ಗೊತ್ತಿಲ್ಲ. ಐನೂರಾದ್ರೂ ಸರಿ, ಕಡಿತ ಮಾಡಿಸಿ ಕೊಡು. 'ಬಾಕಿ ಇರುವ ನಲವತ್ತೆಂಟು ಸಾವಿರದಿಂದ' ಅಂತ ಒಂದು ಕಾಗದ ಬಂದ್ರೆ ಸಾಕು!"

ಮೂವತ್ತೊಂದು ಹೆಂಗಸರು ಒಟ್ಟಾಗಿ ಹೋಗಿ "ನಮಗೂ ದಂಡ ಹಾಕಿ" ಎಂದು ಹೆಡ್ ಕ್ಲಾರ್ಕಿನ ಮುಂದೆ ಕೂತರು. ಆ ಕಟ್ಟಡದಲ್ಲಿ ಅಂಥ ಬೇಡಿಕೆ ಯಾವತ್ತೂ ಬಂದಿರಲಿಲ್ಲ. ಹೆಡ್ ಕ್ಲಾರ್ಕಿಗೆ ತನ್ನ ಆದೇಶದ ಕಾಗದದಲ್ಲಿ 'ಬಾಕಿ' ಅನ್ನುವ ಪದ ಬಿದ್ದಿದೆಯೆಂದು ಆಗಲೇ ಅರ್ಥವಾಗಿತ್ತು. ಆದರೂ ಅವನು ನಿಯಮ ಬಲ್ಲವನು.

"ಕಡಿತ ಮಾಡಬೇಕಾದ್ರೆ ನೀವು ಖಜಾನೆಗೆ ಏನಾದ್ರೂ ನಷ್ಟ ಮಾಡಿರಬೇಕು. ನಿಮಗೆ ಪಿಂಚಣಿ ಯೋಜನೆ ಇದೆಯಾ?"

ಇಲ್ಲ.

"ಆರೋಗ್ಯ ವಿಮೆ?"

ಇಲ್ಲ.

"ನಿಮ್ಮ ಹೆಸರಲ್ಲಿ ವಿಮೆ ಮಾಡಿಸಿ ರಿಯಾಯಿತಿ ಪಡೆಯೋ ಮಗನೋ ಮಗಳೋ?"

ಮೂವತ್ತು ಜನ ಒಬ್ಬರ ಮುಖ ಒಬ್ಬರು ನೋಡಿದರು. ಯಾರಿಗೂ ಇಲ್ಲ. ಸಾರ್ವಜನಿಕ ಖಜಾನೆಗೆ ಒಂದು ಕಾಸು ನಷ್ಟ ಮಾಡುವ ಯೋಗ್ಯತೆ ಆ ಮೂವತ್ತರಲ್ಲಿ ಒಬ್ಬಳಿಗೂ ಇರಲಿಲ್ಲ. ನಷ್ಟ ಮಾಡದವರ ಸಂಬಳ ಇನ್ನೂ ಪರಿಶೀಲನೆಯಲ್ಲೇ ಇದೆ.

ಮೈಕಕ್ಕನ ಕಾಗದ ಕಾರ್ಮಿಕರ ಕೋರ್ಟಿಗೆ ಹೋಗಿದೆ. ಉಳಿದ ಮೂವತ್ತು ಜನರಿಗೆ ಕಾಗದ ಇಲ್ಲ. ಅದಕ್ಕೆ ಅವಳು ಮತ್ತೆ ಗೇಟಿನ ಹತ್ತಿರ ಮೇಜು ಹಾಕಿದ್ದಾಳೆ. ಕೋರ್ಟಿನಲ್ಲಿ "ಖಜಾನೆಯಲ್ಲಿ ದುಡ್ಡಿಲ್ಲ" ಎಂದು ವಕೀಲ ಎದ್ದು ನಿಂತಾಗ ಅವನ ಮುಂದೆ ಇಡಲು ಅವಳಿಗೆ ಇಪ್ಪತ್ತಮೂರು ಸಾಲು ಸಾಲದು.

ನೀವು ಪಿಂಚಣಿಗೆ ದುಡ್ಡು ಹಾಕಿದ್ದೀರಿ. ವಿಮೆ ಮಾಡಿಸಿದ್ದೀರಿ. ಮಾಡಿಸಬೇಡಿ ಅಂತ ಯಾರೂ ಹೇಳುತ್ತಿಲ್ಲ. ಆಡಿಟರು ಹೋದ ವರ್ಷ ಎಷ್ಟು ಉಳಿಸಿಕೊಟ್ಟ? ಒಳಗೆ ಹೋಗಿ, ಆ ಫೈಲು ತೆಗೆಯಿರಿ, ಅಂಕಿ ನೋಡಿ. ಸರದಿ ಇಪ್ಪತ್ತನಾಲ್ಕು ಖಾಲಿ ಇದೆ. ಎಷ್ಟು ಅಂತ ಹೇಳಿ, ಯಾರ ಮೈಗೆ ಅಂತ ಹೇಳಿ, ಬೀದಿಗೆ ಕೇಳುವ ಹಾಗೆ ಗಟ್ಟಿಯಾಗಿ ಹೇಳಿ. ಹೇಳಿ ಸಹಿ ಹಾಕಿ.